ಬಾಗಲಕೋಟೆಯಿಂದ ಇಳಕಲ್ಲಿನವರೆಗೆ: ಗಾಲಿಯೂ ಹಳಿಯೂ

ಪ್ರವಾಸವರ್ಣನೆಯೆಂದರೆ ಗುಡಿ, ಕೋಟೆ, ಕೆರೆ, ಬೆಟ್ಟಗಳ ವರ್ಣನೆಯೆಂದೇ ವಾಡಿಕೆಯಾಗಿದೆ. ಬಾದಾಮಿಯ ಗುಹೆಗಳ ವಿಷಯವಾಗಿಯೂ ಐಹೊಳೆಯ ದೇವಾಲಯಗಳ ವಿಷಯವಾಗಿಯೂ ಬಲ್ಲವರು ಬೇಕಾದಷ್ಟು ಬರೆದಿರುವರು. ಅವರ ಮಾತಿಗೆ ನಮ್ಮದೊಂದು ಮಾತನ್ನು ಸೇರಿಸುವ ಅಗತ್ಯವಿಲ್ಲ. ಈ ಸಲ ನಾವು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನು ಸುತ್ತಿ ಬಂದಾಗ ನಮ್ಮ ಲಕ್ಷ್ಯವು ಬೇರೊಂದು ವಸ್ತುವಿನ ಮೇಲೆ ನೆಟ್ಟಿತ್ತು. ರೈಲಿನಲ್ಲಿ ಕುಳಿತವರೆಲ್ಲರ ಭಾರವೂ ಅದರ ಮೇಲೆಯೇ ಬೀಳುವುದು. ಆದರೆ ಅದನ್ನು ಕಂಡವರು ವಿರಳ. ಉಕ್ಕಿನ ಗಾಲಿಯು ಉಕ್ಕಿನ ಹಳಿಯನ್ನು ಮುಟ್ಟುವ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಸ್ಥಳವೇ ಆ ವಸ್ತು.

ಇಷ್ಟು ಚಿಕ್ಕ ಸ್ಥಳಕ್ಕೆ ಇಷ್ಟು ದೊಡ್ಡ ಲೇಖನವೇಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಈ ಸೀಮೆಯ ಜನರು ಒಂದು ಶತಮಾನಕ್ಕೂ ಮಿಕ್ಕಿ ಎರಡು ಅಳತೆಯ ರೈಲುಹಳಿಗಳ ನಡುವೆ ಬಾಳಿದರು. ಕಿರಿದಾದ ಹಳಿಯಿಂದ ಅಗಲವಾದ ಹಳಿಗೆ ದಾಟುವಲ್ಲಿ ಅವರ ಹತ್ತಿಗೂ ಕಾಳಿಗೂ ತಡೆಯುಂಟಾಗುತ್ತಿತ್ತು. ಆ ತಡೆಗಾಗಿ ಹಣವನ್ನೂ ವೇಳೆಯನ್ನೂ ತೆರಬೇಕಾಗುತ್ತಿತ್ತು. ಕೊನೆಗೆ ಸರಕಾರವು ಹಳಿಯನ್ನೇ ಅಗಲಮಾಡಿತು. ಹೊರದೇಶಗಳಲ್ಲಿ ಕೆಲವರು ಹಳಿಯನ್ನು ಮುಟ್ಟದೆ, ಗಾಲಿಗಳನ್ನೇ ಒಂದಕ್ಕೊಂದು ಹತ್ತಿರಕ್ಕೂ ದೂರಕ್ಕೂ ಸರಿಸಬಲ್ಲ ಬಂಡಿಗಳನ್ನು ಮಾಡಿಕೊಂಡಿರುವರು. ನಾವೇಕೆ ಹಾಗೆ ಮಾಡಲಿಲ್ಲ? ಮಾಡಿದ್ದರೆ ಒಳಿತಾಗುತ್ತಿತ್ತೆ? ಈ ಪ್ರಶ್ನೆಯ ಉತ್ತರವು ಬಹುಮಟ್ಟಿಗೆ ಆ ಉಗುರಿನಷ್ಟು ಸ್ಥಳದಲ್ಲಿಯೇ ಅಡಗಿದೆ ಎಂಬುದು ಈ ಪ್ರವಾಸದಲ್ಲಿ ನಮಗೆ ಮನವರಿಕೆಯಾಯಿತು.

ನಮ್ಮ ಜೊತೆಗೆ ನಮ್ಮ ತಮ್ಮನ ಮಗನಿದ್ದನು. ಅವನು ಯಂತ್ರಶಾಸ್ತ್ರದ ಪದವಿಗೆ ಓದುತ್ತಿರುವ ತರುಣ. ರೈಲುಗಾಲಿಯ ನಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ನೋಡುವುದು ಅವನ ಈ ವರ್ಷದ ಅಭ್ಯಾಸ. ನಮಗೆ ತಿಳಿದುದು ಅಮರಕೋಶ, ಕೌಮುದಿ. ಅವನಿಗೆ ತಿಳಿದುದು ಉಕ್ಕು, ವೇಗ, ಒತ್ತಡ. ಆದರೂ ನಾಲ್ಕು ದಿನದ ದಾರಿಯಲ್ಲಿ ಇಬ್ಬರ ಶಬ್ದಗಳೂ ಕೂಡಿಕೊಂಡವು. ಅವನು ಅಚ್ಚು ಎಂದುದು ನಮಗೆ ಅಕ್ಷ. ಅವನು ಗಾಲಿಯ ಸುತ್ತು ಎಂದುದು ನಮಗೆ ನೇಮಿ.

ಬಾಗಲಕೋಟೆಯು ಘಟಪ್ರಭೆಯ ದಂಡೆಯ ಊರು. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಿಂದ ಹಳೆಯ ಊರಿನ ಎಷ್ಟೋ ಭಾಗವು ಮುಳುಗಡೆಗೆ ಸಿಕ್ಕಿತು. ಅಲ್ಲಿಯವರಿಗಾಗಿ ನವನಗರವೆಂಬ ಹೊಸ ಊರು ಎದ್ದಿತು. ೧೯೯೭ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರೆಯಾಗಿ ಬಾಗಲಕೋಟೆಯು ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾಯಿತು. ಆದರೆ ನಮ್ಮ ಕಥೆಯು ಇವೆಲ್ಲಕ್ಕಿಂತ ಹಿಂದಿನದು. ೧೮೭೬ರಿಂದ ೧೮೭೮ರವರೆಗೆ ದಖ್ಖಣದಲ್ಲಿ ಘೋರವಾದ ಕ್ಷಾಮವು ಬಿದ್ದಾಗ ಬಾಗಲಕೋಟೆ, ಬಾದಾಮಿ, ಹುನಗುಂದಗಳೆಲ್ಲ ಕಲಾದಗಿ ಜಿಲ್ಲೆಗೆ ಸೇರಿದ್ದವು. ಹೊರಗಿನಿಂದ ಧಾನ್ಯವನ್ನು ತರಬೇಕಾದರೆ ಚಕ್ಕಡಿಯೊಂದೇ ಗತಿಯಾಗಿತ್ತು. ಚಕ್ಕಡಿಗೆ ಎತ್ತು ಬೇಕು, ಎತ್ತಿಗೆ ಮೇವು ಬೇಕು, ಮಳೆಯಿಲ್ಲದಲ್ಲಿ ಮೇವೆಲ್ಲಿಯದು? ಅನ್ನವು ಇದ್ದ ಊರಿನಿಂದ ಅನ್ನವಿಲ್ಲದ ಊರಿಗೆ ದಾರಿಯಿಲ್ಲದೆ ಜನರು ಪ್ರಾಣಬಿಟ್ಟರು.

ಇಂತಹ ಗತಿಯು ಮತ್ತೊಮ್ಮೆ ಬಾರದಿರಲೆಂದು ಕ್ಷಾಮನಿವಾರಣೆಯ ಉದ್ದೇಶದಿಂದ ಯೋಚಿಸಿದ ಮಾರ್ಗವೇ ಸೋಲಾಪುರದ ಬಳಿಯ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿಗೆ ಹೋಗುವ ಮಾರ್ಗ. ೧೮೮೨ರಲ್ಲಿ ಹುಟ್ಟಿದ ದಕ್ಷಿಣ ಮರಾಠಾ ರೈಲ್ವೆ ಕಂಪನಿಯು ಇದನ್ನು ಕೈಕೊಂಡಿತು; ೧೮೮೪ರಲ್ಲಿ ಬಂಡಿಗಳು ಓಡತೊಡಗಿದವು. ಸುಮಾರು ೨೮೦ ಕಿಲೋಮೀಟರಿನ ಈ ದಾರಿಯನ್ನು ವೆಚ್ಚವು ಕಡಮೆಯಾಗಲೆಂದು ಮೀಟರ್ ಗೇಜಿನಲ್ಲಿ, ಎಂದರೆ ಎರಡು ಹಳಿಗಳ ನಡುವೆ ಸರಿಯಾಗಿ ೧೦೦೦ ಮಿಲಿಮೀಟರ್ ಅಂತರವಿಟ್ಟು, ಹಾಕಿದರು. ಹೋಟಗಿಯಲ್ಲಿ ಇದನ್ನು ಸಂಧಿಸುತ್ತಿದ್ದ ಮುಂಬಯಿ-ಮದರಾಸು ಹೆದ್ದಾರಿಯಾದರೋ ಬ್ರಾಡ್ ಗೇಜಿನದು. ಅದರ ಅಂತರ ೧೬೭೬ ಮಿಲಿಮೀಟರ್. ಎರಡಕ್ಕೂ ನಡುವೆ ೬೭೬ ಮಿಲಿಮೀಟರ್ ವ್ಯತ್ಯಾಸ. ಒಂದು ಮೊಳಕ್ಕಿಂತ ಹೆಚ್ಚು, ಎರಡು ಮೊಳಕ್ಕಿಂತ ಕಡಮೆಯಾದ ಈ ಅಂತರವನ್ನು ಯಾವ ಬಂಡಿಯೂ ದಾಟಲಾರದೆ ಹೋಯಿತು. ಬಾಗಲಕೋಟೆಯಲ್ಲಿ ಹೇರಿದ ಹತ್ತಿಯನ್ನು ಹೋಟಗಿಯಲ್ಲಿ ಇಳಿಸಿ ಮತ್ತೊಂದು ಬಂಡಿಗೆ ಹೇರಬೇಕು. ಉತ್ತರದಿಂದ ಬಂದ ಗೋದಿಯನ್ನು ಅಲ್ಲಿಯೇ ಇಳಿಸಿ ಇತ್ತ ಹೇರಬೇಕು.

ಬಾಗಲಕೋಟೆಯ ಸ್ಟೇಷನ್ನಿನ ಬಾಕಿನ ಮೇಲೆ ನಮ್ಮ ಪಕ್ಕದಲ್ಲಿ ಕುಳಿತ ವೃದ್ಧನೊಬ್ಬನು, ತನ್ನ ತಂದೆಯು ಹೋಟಗಿಯಲ್ಲಿ ಹಮಾಲನಾಗಿದ್ದನೆಂದು ಹೇಳಿದನು. ನಾವು ಕೇಳಿದ ಪ್ರಶ್ನೆಗೆ ಅವನಿತ್ತ ಉತ್ತರವು ನಮ್ಮ ಕಿವಿಯಲ್ಲಿ ಇನ್ನೂ ಇದೆ: “ಮಾಸ್ತರ, ಚೀಲಕ್ಕ ಎರಡ ಸಲ ಬೆನ್ನ ಕೊಡಬೇಕಾಗ್ತಿತ್ರಿ. ನಮ್ಮ ಹೊಟ್ಟಿ ಅದರ ಮ್ಯಾಲ ತುಂಬತಿತ್ತು, ರೈತನ ಹೊಟ್ಟಿ ಅದರ ಮ್ಯಾಲ ಸೋರತಿತ್ತು.” ಒಂದೇ ತೊಡಕು ಒಬ್ಬನಿಗೆ ಅನ್ನವಾಗಿ ಇನ್ನೊಬ್ಬನಿಗೆ ನಷ್ಟವಾಗುವುದನ್ನು ಇದಕ್ಕಿಂತ ಚೊಕ್ಕಟವಾಗಿ ಹೇಳುವುದು ಕಷ್ಟ.

ಎರಡು ಅಳತೆಗಳು ಸಂಧಿಸಿದಲ್ಲಿ ಯಾರಾದರೊಬ್ಬರು ಬಗ್ಗಲೇಬೇಕು. ಆಳು ಬಗ್ಗಬೇಕು, ಇಲ್ಲವೆ ಹಳಿ ಬಗ್ಗಬೇಕು, ಇಲ್ಲವೆ ಗಾಲಿ ಬಗ್ಗಬೇಕು. ನಮ್ಮ ಸೀಮೆಯಲ್ಲಿ ಒಂದು ಶತಮಾನಕ್ಕೂ ಹೆಚ್ಚುಕಾಲ ಆಳು ಬಗ್ಗಿದನು. ಅನಂತರ ಹಳಿಯ ಸರದಿ ಬಂದಿತು. ೧೯೯೨ರಲ್ಲಿ, ನಮ್ಮ ಚಳ್ಳಕೆರೆಯವರೇ ಆದ ಸಿ. ಕೆ. ಜಾಫರ್ ಷರೀಫರು ಕೇಂದ್ರದಲ್ಲಿ ರೈಲ್ವೆ ಮಂತ್ರಿಗಳಾಗಿದ್ದಾಗ, ದೇಶದ ಮುಖ್ಯ ಮಾರ್ಗಗಳನ್ನೆಲ್ಲ ಒಂದೇ ಅಳತೆಗೆ ತರುವ ಕಾರ್ಯವು ಆರಂಭವಾಯಿತು. ಹೋಟಗಿ-ಗದಗ ಮಾರ್ಗವೂ ಹಂತಹಂತವಾಗಿ ಅಗಲವಾಗುತ್ತ ಬಂದು, ಈ ಶತಮಾನದ ಮೊದಲ ದಶಕವು ಮುಗಿಯುವುದರೊಳಗೆ ಇಡಿಯ ದಾರಿಯೂ ಬ್ರಾಡ್ ಗೇಜ್ ಆಯಿತು. ಇಂದು ಬಾಗಲಕೋಟೆಯಲ್ಲಿ ಹೇರಿದ ಚೀಲವು ದೆಹಲಿಯವರೆಗೆ ಕೆಳಗಿಳಿಯಬೇಕಾಗಿಲ್ಲ.

ಮೂರನೆಯ ದಾರಿಯನ್ನು, ಎಂದರೆ ಗಾಲಿಯು ಬಗ್ಗುವ ದಾರಿಯನ್ನು, ಅರಿಯಬೇಕಾದರೆ ಮೊದಲು ಸಾಮಾನ್ಯವಾದ ರೈಲುಗಾಲಿಯು ಹೇಗೆ ನಡೆಯುವುದೆಂಬುದನ್ನು ತಿಳಿಯಬೇಕು. ಆ ಪಾಠವು ನಮಗೆ ಬಾದಾಮಿಯ ಸ್ಟೇಷನ್ನಿನಲ್ಲಿ ಆಯಿತು.

ಬಾಗಲಕೋಟೆಯಿಂದ ಹೊರಟ ಬಂಡಿಯು ಗುಳೇದಗುಡ್ಡ ರೋಡನ್ನು ದಾಟಿ, ಕೆಂಪು ಗುಡ್ಡಗಳ ಸೆರಗನ್ನು ಹಿಡಿದು ಬಾದಾಮಿಗೆ ಬರುವುದು. ಸ್ಟೇಷನ್ನು ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರವಿದೆ. ನಾವು ಇಳಿದ ಬಂಡಿಯು ಮುಂದೆ ಸಾಗಿದ ಮೇಲೆ ಹುಡುಗನು ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತು ಕೆಳಗಿನ ಹಳಿಯನ್ನು ತೋರಿಸಿದನು. ಹಳಿಯ ಬುಡವೆಲ್ಲ ತುಕ್ಕಿನಿಂದ ಕಂದಾಗಿದ್ದರೂ ತಲೆಯ ಮೇಲೊಂದು ಪಟ್ಟಿಯು ಕನ್ನಡಿಯಂತೆ ಹೊಳೆಯುತ್ತಿತ್ತು. “ದೊಡ್ಡಪ್ಪಾ, ಗಾಲಿ ಮುಟ್ಟೂದು ಅಲ್ಲಿ ಅಷ್ಟ ನೋಡ್ರಿ. ಉಳಿದದ್ದೆಲ್ಲ ಬರೇ ಆಧಾರ,” ಎಂದನು. ಪ್ರಯಾಣಿಕರಿಂದ ತುಂಬಿದ ಡಬ್ಬಿಯೊಂದು ಐವತ್ತು ಟನ್ನಿನ ಆಜುಬಾಜಿನಲ್ಲಿ ತೂಗುವುದು; ಎಂಟು ಗಾಲಿಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ಆರು ಟನ್. ಆ ಆರು ಟನ್ನನ್ನು ಹೊರುವ ಸ್ಥಳವು ಒಂದು ಚದರ ಸೆಂಟಿಮೀಟರಿನಷ್ಟು ಮಾತ್ರ.

ಬಳಿಕ ಅವನು ಚಹದ ಅಂಗಡಿಯಿಂದ ಎರಡು ಕಾಗದದ ಬಟ್ಟಲುಗಳನ್ನು ತಂದು, ನಮ್ಮ ಚೀಲದಲ್ಲಿದ್ದ ಗಾಯದ ಪಟ್ಟಿಯಿಂದ ಅವುಗಳನ್ನು ಬಾಯಿಗೆ ಬಾಯಿ ಹಚ್ಚಿ ಅಂಟಿಸಿದನು. ನಮ್ಮ ಕೊಡೆಯನ್ನೂ ಊರುಗೋಲನ್ನೂ ಬಾಕಿಗೆ ಓರೆಯಾಗಿ ಒರಗಿಸಿ, ಹಳಿಗಳಂತೆ ಸಮಾಂತರವಾಗಿ ಇಟ್ಟು, ಆ ಜೋಡಿಯನ್ನು ಮೇಲಿನಿಂದ ಉರುಳಬಿಟ್ಟನು. ನಡುವೆ ದಪ್ಪ, ತುದಿಗಳಲ್ಲಿ ಸಣ್ಣದಾದ ಆ ಜೋಡಿಯು ಒಂದು ಕಡೆಗೆ ವಾಲಿದರೂ ತಾನೇ ತಿದ್ದಿಕೊಂಡು ನಡುದಾರಿಗೆ ಬರುತ್ತಿತ್ತು. ಅನಂತರ ಬಟ್ಟಲುಗಳನ್ನು ಬಿಡಿಸಿ ಬುಡಕ್ಕೆ ಬುಡ ಹಚ್ಚಿದನು. ಈ ಸಲ ಅದು ನಾಲ್ಕು ಬೆರಳು ಉರುಳುವಷ್ಟರಲ್ಲಿ ಕೆಳಕ್ಕೆ ಬಿದ್ದಿತು. ವಾಚಕರು ಮನೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಇದನ್ನು ಮಾಡಿ ನೋಡಬಹುದು. ಖರ್ಚು ಎರಡು ಬಟ್ಟಲು ಚಹದ್ದು.

ರೈಲುಗಾಲಿಯ ಗುಟ್ಟು ಇದೇ ಆಗಿದೆ. ಗಾಲಿಯ ಮೈಯು ನೆಟ್ಟಗಿರದೆ ಒಳಗಿನಿಂದ ಹೊರಕ್ಕೆ ಇಳಿಜಾರಾಗಿರುವುದು. ಒಳಬದಿಯಲ್ಲಿ ದಪ್ಪ, ಹೊರಬದಿಯಲ್ಲಿ ತುಸು ಸಣ್ಣ. ಇಪ್ಪತ್ತು ಮಿಲಿಮೀಟರ್ ಸರಿದರೆ ಒಂದು ಮಿಲಿಮೀಟರ್ ಇಳಿಯುವುದು ಪೂರ್ವದಿಂದ ಬಂದ ಅಳತೆ. ಈಗ ಈ ಮೈಯನ್ನು ನೇರವಾಗಿ ಬಿಡದೆ ಬಾಗಿಸಿ ಕಡೆಯುವರು. ತತ್ತ್ವವು ಮಾತ್ರ ಅದೇ. ಎರಡು ಗಾಲಿಗಳನ್ನೂ ಒಂದೇ ಅಚ್ಚಿಗೆ ಭಾರಿ ಒತ್ತಡದಿಂದ ನೂಕಿ ಕೂಡಿಸಿರುವರು. ೧೯೮೪ರಿಂದ ಬೆಂಗಳೂರಿನ ಯಲಹಂಕದ ಕಾರ್ಖಾನೆಯಲ್ಲಿ ನಡೆಯುತ್ತಿರುವುದು ಈ ಕೆಲಸವೇ. ಒಂದು ತಿರುಗಿದರೆ ಇನ್ನೊಂದೂ ಅಷ್ಟೇ ತಿರುಗಬೇಕು. ಆದರೆ ದಾರಿಯು ಬಾಗಿದಲ್ಲಿ ಹೊರಗಿನ ಹಳಿಯು ಒಳಗಿನದಕ್ಕಿಂತ ಉದ್ದವಾಗುವುದಷ್ಟೆ. ೮೭೫ ಮೀಟರ್ ತ್ರಿಜ್ಯದ ತಿರುವಿನಲ್ಲಿ ಬ್ರಾಡ್ ಗೇಜಿನ ಬಂಡಿಯು ನೂರು ಮೀಟರ್ ನಡೆಯುವಷ್ಟರಲ್ಲಿ ಹೊರಗಾಲಿಯು ಸುಮಾರು ೨೦ ಸೆಂಟಿಮೀಟರ್ ಹೆಚ್ಚು ನಡೆಯಬೇಕು. ಮೀಟರ್ ಗೇಜಿನಲ್ಲಿ ಸುಮಾರು ೧೨. ಆಗ ಗಾಲಿಯ ಜೋಡಿಯು ತಾನಾಗಿಯೇ ಹೊರಕ್ಕೆ ತುಸು ಸರಿಯುವುದು. ಹೊರಗಾಲಿಯು ತನ್ನ ದಪ್ಪ ಭಾಗದ ಮೇಲೂ ಒಳಗಾಲಿಯು ತನ್ನ ಸಣ್ಣ ಭಾಗದ ಮೇಲೂ ನಡೆದು ಲೆಕ್ಕವು ಸರಿಹೋಗುವುದು. ಇದಕ್ಕೆ ಬೇಕಾದ ಸರಿತವು ಬ್ರಾಡ್ ಗೇಜಿನಲ್ಲಿ ಸುಮಾರು ೯ ಮಿಲಿಮೀಟರ್; ಅದೇ ಗಾಲಿಗಳನ್ನು ಮೀಟರ್ ಗೇಜಿನ ಅಂತರಕ್ಕೆ ತಂದರೆ ೫ ಅಥವಾ ೬. ಗಾಲಿಯ ಒಳಬದಿಯಲ್ಲಿರುವ ಅಂಚು ಕೊನೆಯ ಕಾವಲುಗಾರನೇ ಹೊರತು ನಿತ್ಯದ ಸಾರಥಿಯಲ್ಲ.

ಈ ಗುಣಕ್ಕೆ ಒಂದು ದೋಷವೂ ಜೊತೆಯಾಗಿದೆ. ನೆಟ್ಟನೆಯ ದಾರಿಯಲ್ಲಿಯೂ ಗಾಲಿಯ ಜೋಡಿಯು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾವಿನಂತೆ ಓಲಾಡುತ್ತ ಸಾಗುವುದು. ಈ ಅಲೆಯ ಉದ್ದಕ್ಕೆ ಸೂತ್ರವನ್ನು ಕೊಟ್ಟವನು ಕ್ಲಿಂಗೆಲ್ ಎಂಬ ಜರ್ಮನ್ ತಜ್ಞ. ಕೊಟ್ಟ ವರ್ಷ ೧೮೮೩. ಇಲ್ಲಿ ಬಾದಾಮಿಗೆ ಮೊದಲ ಬಂಡಿ ಬರುವ ಹೊತ್ತಿಗೆ ಅಲ್ಲಿ ಆ ಸೂತ್ರವು ಆಗಲೇ ಅಚ್ಚಾಗಿತ್ತು. ಹಳಿಗಳ ಅಂತರ ಹೆಚ್ಚಿದರೆ ಅಲೆಯು ನೀಳವಾಗುವುದು, ಇಳಿಜಾರು ಹೆಚ್ಚಿದರೆ ಗಿಡ್ಡವಾಗುವುದು. ಇಂದಿನ ನಮ್ಮ ಡಬ್ಬಿಗಳ ೯೧೫ ಮಿಲಿಮೀಟರ್ ವ್ಯಾಸದ ಗಾಲಿಗೆ, ಇಪ್ಪತ್ತಕ್ಕೊಂದರ ಇಳಿಜಾರಿಗೆ, ಬ್ರಾಡ್ ಗೇಜಿನಲ್ಲಿ ಒಂದು ಅಲೆಯ ಉದ್ದವು ಸುಮಾರು ೧೮ ಮೀಟರ್ ಬರುವುದು. ಮೀಟರ್ ಗೇಜಿನ ಅಂತರಕ್ಕೆ ಸುಮಾರು ೧೪. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಮೊದಲನೆಯದು ಎರಡು ಸೆಕೆಂಡಿಗೆ ಮೂರು ಓಲಾಟ. ಎರಡನೆಯದು ಎರಡು ಸೆಕೆಂಡಿಗೆ ನಾಲ್ಕು. ವೇಗವು ಮಿತಿಯೊಳಗಿರುವವರೆಗೆ ಈ ಓಲಾಟವು ತಾನೇ ಅಡಗುವುದು. ಮಿತಿಯನ್ನು ಮೀರಿದರೆ ಅಡಗದೆ ಬೆಳೆದು, ಗಾಲಿಯ ಅಂಚು ಹಳಿಯನ್ನು ಬಡಿಯತೊಡಗುವುದು.

ಅಂದು ಸಂಜೆ ಅಗಸ್ತ್ಯತೀರ್ಥದ ಮೆಟ್ಟಿಲಿನ ಮೇಲೆ ಕುಳಿತಾಗ ಹುಡುಗನು ತನ್ನ ಕಂಪ್ಯೂಟರನ್ನು ತೆರೆದು ತೋರಿಸಿದನು. ಎದುರಿಗೆ ಬಂಡೆಯಲ್ಲಿ ಕಡೆದ ಗುಹೆಗಳು. ಅವುಗಳಲ್ಲಿ ಮೂರನೆಯದರಲ್ಲಿ ಮಂಗಲೇಶನು ಶಕವರ್ಷ ೫೦೦ರಲ್ಲಿ, ಎಂದರೆ ಕ್ರಿ. ಶ. ೫೭೮ರಲ್ಲಿ, ಬರೆಯಿಸ್ದ ಶಾಸನವಿದೆ. ಕಲ್ಲಿನಲ್ಲಿ ಕಡೆದ ರೇಖೆಯು ಹದಿನಾಲ್ಕು ಶತಮಾನಗಳನ್ನು ತಾಳಿದೆ. ಗಾಲಿಯ ಮೈಯ ರೇಖೆಯು ಸವೆಯುತ್ತಲೇ ಇರುವುದರಿಂದ ಅದನ್ನು ಮತ್ತೆಮತ್ತೆ ಕಡೆದು ತಿದ್ದಬೇಕು. ಹುಡುಗನ ಲೆಕ್ಕದ ತಿರುಳೂ ಆ ಸವೆತವೇ. ಉಕ್ಕಿನ ಗಾಲಿಯನ್ನು ಎರಕಹೊಯ್ಯುವ ಮೊದಲೇ ಅದರ ನಡೆಯನ್ನು ಅಂಕಿಗಳಲ್ಲಿ ನಡೆಸಿ ನೋಡುವುದು ಈ ವಿದ್ಯೆಯ ಉದ್ದೇಶ. ಹಳಿಯ ತಲೆಯ ಆಕಾರವನ್ನೂ ಗಾಲಿಯ ಮೈಯ ಆಕಾರವನ್ನೂ ಅಳೆದು ಯಂತ್ರಕ್ಕೆ ಉಣಿಸುವರು. ಕ್ಷಣದ ಸಾವಿರ ಪಾಲಿನಲ್ಲೊಂದು ಪಾಲಿಗೂ ಅದು ಕೇಳಿಕೊಳ್ಳುವುದು: ಈಗ ಗಾಲಿಯು ಹಳಿಯನ್ನು ಎಲ್ಲಿ ಮುಟ್ಟಿದೆ? ಎಷ್ಟು ಒತ್ತಿದೆ? ಎಷ್ಟು ಜಾರಿದೆ? ಆ ಜಾರಿನಿಂದ ಹುಟ್ಟಿದ ಬಲವೆಷ್ಟು? ಆ ಬಲದಿಂದ ಮುಂದಿನ ಪಾಲಿಗೆ ಗಾಲಿಯು ಎಲ್ಲಿಗೆ ಹೋಗುವುದು? ಹೀಗೆ ಲಕ್ಷಾಂತರ ಸಲ ಕೇಳಿ, ಉತ್ತರವನ್ನು ಪೋಣಿಸಿ, ಬಂಡಿಯ ಓಟವನ್ನು ಕಟ್ಟುವುದು.

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿಕೊಟ್ಟವರು ಹಲವರು. ಎರಡು ದುಂಡನೆಯ ವಸ್ತುಗಳು ಒಂದನ್ನೊಂದು ಒತ್ತಿದಾಗ ಮುಟ್ಟುವ ಸ್ಥಳವು ಎಷ್ಟು ಅಗಲವಾಗುವುದೆಂಬುದನ್ನು ಜರ್ಮನಿಯ ಹರ್ಟ್ಸ್ ಎಂಬ ಪಂಡಿತನು ೧೮೮೨ರಲ್ಲಿ ಪ್ರಕಟಿಸಿದನು. ದಕ್ಷಿಣ ಮರಾಠಾ ಕಂಪನಿಯು ಹುಟ್ಟಿದುದೂ ಅದೇ ವರ್ಷ. ಉರುಳುವ ಗಾಲಿಯು ಪೂರ್ತಿಯಾಗಿ ಹಿಡಿದುಕೊಂಡೂ ಇರುವುದಿಲ್ಲ, ಪೂರ್ತಿಯಾಗಿ ಜಾರುವುದೂ ಇಲ್ಲ. ಆ ಉಗುರಿನಷ್ಟು ಸ್ಥಳದ ಒಂದು ಭಾಗ ಹಿಡಿದಿರುವಾಗಲೇ ಇನ್ನೊಂದು ಭಾಗ ತುಸು ಜಾರುವುದು. ಇದನ್ನು ಗಣಿತದಲ್ಲಿ ತೋರಿಸಿದವನು ಇಂಗ್ಲೆಂಡಿನ ಕಾರ್ಟರ್, ೧೯೨೬ರಲ್ಲಿ. ಅದನ್ನು ಎಲ್ಲ ದಿಕ್ಕಿಗೂ ವಿಸ್ತರಿಸಿ, ೧೯೬೭ರ ತನ್ನ ಪ್ರಬಂಧದಿಂದ ಮೊದಲ್ಗೊಂಡು, ಇಂದು ಎಲ್ಲರೂ ಬಳಸುವ ರೂಪಕ್ಕೆ ತಂದವನು ಹಾಲೆಂಡಿನ ಕಾಲ್ಕರ್. ಅವನು ೧೯೮೨ರಲ್ಲಿ ಪ್ರಕಟಿಸಿದ ಶೀಘ್ರಗಣಿತದ ವಿಧಾನದಿಂದ ಈ ಲೆಕ್ಕವು ಸಾಮಾನ್ಯ ಕಂಪ್ಯೂಟರಿಗೂ ಎಟಕುವಂತಾಯಿತು.

ಹುಡುಗನು ತನ್ನ ಲೆಕ್ಕದಲ್ಲಿ ಅಂತರದ ಅಂಕಿಯೊಂದನ್ನೇ ೧೬೭೬ರಿಂದ ೧೦೦೦ಕ್ಕೆ ಇಳಿಸಿದನು. ಪರದೆಯ ಮೇಲಿನ ನೀಳವಾದ ಅಲೆಯು ಗಿಡ್ಡವಾಯಿತು. ಬಳಿಕ, ಗಾಲಿಯು ಅಚ್ಚಿನ ಮೇಲೆ ಅರ್ಧ ಮಿಲಿಮೀಟರ್ ಸಡಿಲಾಗಿದೆಯೆಂದು ಬರೆದನು. ಮೊದಲು ತಾನೇ ಅಡಗುತ್ತಿದ್ದ ಓಲಾಟವು ಈಗ ಪೂರ್ತಿ ಅಡಗದೆ ಸಣ್ಣಗೆ ನಡೆದೇ ಇತ್ತು. “ಸರಿಯೋ ಗಾಲಿಗೆ ಇಷ್ಟು ಸಡಿಲ ಬಿಡದಿದ್ರ ಅದು ಸರಿಯೂದಿಲ್ರಿ, ಬಿಟ್ರ ಹಿಂಗ ಆಗತದ,” ಎಂದನು. ಸಡಿಲು ಬೇಕು, ಸಡಿಲಿರಬಾರದು. ನ್ಯಾಯಶಾಸ್ತ್ರದಲ್ಲಿ ಇದನ್ನು ಉಭಯತಃಪಾಶವೆನ್ನುವರು.

ಮರುದಿನ ನಾವು ಪಟ್ಟದಕಲ್ಲು, ಐಹೊಳೆಗಳನ್ನು ನೋಡಿಕೊಂಡು, ಅಮೀನಗಡದಲ್ಲಿ ಕರದಂಟನ್ನು ಕಟ್ಟಿಸಿಕೊಂಡು ಹುನಗುಂದಕ್ಕೆ ಬಂದೆವು. ಇಲ್ಲಿಂದ ಮುಂದೆ ರೈಲಿಲ್ಲ. ಹುನಗುಂದಕ್ಕೂ ಇಳಕಲ್ಲಿಗೂ ಬಸ್ಸೇ ಆಧಾರ. ಆದರೆ ಗಾಲಿಯ ಪಾಠವು ಇಲ್ಲಿಯೂ ಮುಂದುವರಿಯಿತು. ಎರೆಹೊಲದ ಬದಿಯಲ್ಲಿ ಚಕ್ಕಡಿಯೊಂದರ ಕೀಲನ್ನು ತೆಗೆದು ಗಾಲಿಗೆ ಎಣ್ಣೆ ಹಾಕುತ್ತಿದ್ದ ರೈತನನ್ನು ಕಂಡು ಬಸ್ಸಿನ ನಿಲ್ದಾಣಕ್ಕೆ ಹೋಗುವ ಮೊದಲು ನಿಂತೆವು. ಈಗ ಬಹುಮಂದಿ ರಬ್ಬರಿನ ಟೈರುಗಳನ್ನು ಹಾಕಿಸಿರುವರು. ಇವನದು ಹಳೆಯ ಮರದ ಗಾಲಿ, ಅದಕ್ಕೆ ಕಬ್ಬಿಣದ ಹಳಿ. ಗಾಲಿಗೆ ತೊಡಿಸಿದ ಕಬ್ಬಿಣದ ಪಟ್ಟಿಗೂ ರೈಲಿನ ಕಂಬಿಗೂ ನಮ್ಮ ಜನರು ಹಳಿಯೆಂಬ ಒಂದೇ ಹೆಸರನ್ನು ಇಟ್ಟಿರುವುದು ಎಷ್ಟು ಸಮಂಜಸ! ಚಕ್ಕಡಿಯು ತನ್ನ ಹಳಿಯನ್ನು ತಾನೇ ಹೊತ್ತು ನಡೆಯುವುದು. ರೈಲಿಗೆ ಅದನ್ನು ನೆಲದ ಮೇಲೆ ಹಾಸಿ ಕೊಡಬೇಕು.

ಅಚ್ಚೂ ತಿರುಗುವುದೇ ಎಂದು ನಾವು ಕೇಳಿದೆವು. “ಅಚ್ಚು ತಿರಗೂದಿಲ್ರಿ ಗುರುಗಳ, ಗಾಲಿ ಅಷ್ಟ ತಿರಗತಾವ. ಒಂದೊಂದು ತನ್ನ ಪಾಡಿಗೆ ತಾನು. ಎರಡೂ ಕೂಡೇ ತಿರಗಿದ್ರ, ಹಾದಿ ಬಳಸಿದಲ್ಲಿ ಎತ್ತಿನ ಹೆಗಲು ಉಳಿದಾವೇನ್ರಿ?” ಎಂದನು ಆ ರೈತ. ರೈಲಿಗೂ ಚಕ್ಕಡಿಗೂ ಇರುವ ಮುಖ್ಯ ಭೇದವನ್ನೇ ಅವನು ಹೇಳಿದ್ದನು. ಚಕ್ಕಡಿಯನ್ನು ದಾರಿಗೆ ತಿರುಗಿಸುವವು ಎತ್ತುಗಳು. ಆದುದರಿಂದ ಗಾಲಿಗಳು ಸ್ವತಂತ್ರವಾಗಿರಬಹುದು. ರೈಲಿಗೆ ಎತ್ತಿಲ್ಲ, ಗಾಲಿಯೇ ದಾರಿಯನ್ನು ಕಂಡುಕೊಳ್ಳಬೇಕು. ಅದಕ್ಕಾಗಿ ಎರಡನ್ನೂ ಒಂದೇ ಅಚ್ಚಿಗೆ ಕಟ್ಟಿರುವರು. ನಮ್ಮ ಪೂರ್ವಿಕರಿಗೆ ಅಕ್ಷದ ಅಳತೆಯು ಎಷ್ಟು ಮುಖ್ಯವಾಗಿತ್ತೆಂದರೆ, ಆಪಸ್ತಂಬರ ಶುಲ್ಬಸೂತ್ರದಲ್ಲಿ ರಥದ ಈಷೆಗೆ, ಎಂದರೆ ಮುಂದಿನ ಮೂಕಿಗೆ, ೧೮೮ ಅಂಗುಲ, ಅಕ್ಷಕ್ಕೆ ೧೦೪, ನೊಗಕ್ಕೆ ೮೬ ಎಂದು ಕಟ್ಟುಮಾಡಿ, ಯಜ್ಞವೇದಿಯನ್ನು ಅಳೆಯಲು ಅದನ್ನೇ ಮಾನವಾಗಿ ಹಿಡಿದಿರುವರು. ಅಳೆಯುವ ಕೋಲೇ ಉದ್ದಗಿಡ್ಡವಾಗುವುದೆಂದರೆ ಅವರು ಒಪ್ಪುತ್ತಿರಲಿಲ್ಲವೇನೋ!

ಆದರೆ ಅಕ್ಷದ ಮೇಲೆ ಗಾಲಿಯನ್ನು ಸರಿಸುವ ಕೆಲಸವನ್ನು ಇಂದು ಮಾಡಿರುವರು. ಸ್ಪೇನ್ ದೇಶದ ಹಳಿಗಳ ಅಂತರ ೧೬೬೮ ಮಿಲಿಮೀಟರ್. ನೆರೆಯ ಫ್ರಾನ್ಸಿನದು ೧೪೩೫. ೧೯೬೯ರಿಂದ ಟಾಲ್ಗೊ ಎಂಬ ಸಂಸ್ಥೆಯ ಬಂಡಿಗಳು ಬಾರ್ಸೆಲೋನಾದಿಂದ ಜಿನೀವಾಕ್ಕೆ, ಪ್ರಯಾಣಿಕರು ಕುಳಿತಿದ್ದಂತೆಯೇ, ಗಡಿಯಲ್ಲಿ ಗಾಲಿಗಳ ಅಂತರವನ್ನು ಬದಲಿಸಿಕೊಂಡು ಓಡಿದವು. ಗಡಿಯಲ್ಲಿ ಒಂದು ವಿಶೇಷ ಕಟ್ಟೆಯ ಮೇಲೆ ಬಂಡಿಯು ನಿಧಾನವಾಗಿ ಸಾಗುವುದು; ಡಬ್ಬಿಯ ಭಾರವನ್ನು ಬದಿಯ ಆಧಾರಗಳು ಹೊರುವುವು; ಗಾಲಿಯು ಭಾರದಿಂದ ಬಿಡುಗಡೆಯಾಗುವುದು; ಅದರ ಅಗುಳಿಯು ತೆರೆಯುವುದು; ಓರೆಯಾದ ಕಂಬಿಗಳು ಅದನ್ನು ಹೊಸ ಅಂತರಕ್ಕೆ ನೂಕುವುವು; ಅಗುಳಿಯು ಮತ್ತೆ ಬೀಳುವುದು. ಈ ಬಂಡಿಗಳಲ್ಲಿ ಎರಡು ಗಾಲಿಗಳಿಗೆ ಒಂದೇ ಅಚ್ಚಿಲ್ಲ; ಚಕ್ಕಡಿಯಂತೆ ಒಂದೊಂದೂ ಸ್ವತಂತ್ರ. ಆದುದರಿಂದ ಹಾವಿನ ನಡೆಯು ತಪ್ಪಿತು. ಅದರೊಡನೆ ತಾನೇ ದಾರಿಗೆ ಬರುವ ಗುಣವೂ ತಪ್ಪಿತು. ದಾರಿ ತೋರಿಸುವುದಕ್ಕೆ ಡಬ್ಬಿಗಳ ನಡುವಿನ ಕೊಂಡಿಕೋಲುಗಳನ್ನು ಜೋಡಿಸಬೇಕಾಯಿತು. ಎತ್ತುಗಳ ಕೆಲಸವನ್ನು ಆ ಕೋಲುಗಳು ಮಾಡುತ್ತಿವೆ ಎನ್ನಬಹುದು.

ಸ್ವಿಟ್ಜರ್ಲೆಂಡಿನ ಉದಾಹರಣೆಯು ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯದು ನಮ್ಮ ಹಳೆಯ ದಾರಿಯಂತೆಯೇ ಮೀಟರ್ ಗೇಜ್. ೨೦೨೨ರ ಡಿಸೆಂಬರಿನಿಂದ ಮೊಂತ್ರೊ ಎಂಬ ಊರಿನಿಂದ ಇಂಟರ್‌ಲಾಕೆನ್ನಿಗೆ ಹೋಗುವ ಡಬ್ಬಿಗಳು ಜ್ವೈಸಿಮೆನ್ ಎಂಬಲ್ಲಿ ೧೦೦೦ದಿಂದ ೧೪೩೫ಕ್ಕೆ ಬದಲಾಗುವುವು. ಅಲ್ಲಿ ಪ್ಲಾಟ್‌ಫಾರ್ಮುಗಳ ಎತ್ತರವೂ ಬೇರೆಯಾದುದರಿಂದ ಡಬ್ಬಿಯು ಸುಮಾರು ೨೦ ಸೆಂಟಿಮೀಟರ್ ಏರಿಳಿಯುವಂತೆಯೂ ಮಾಡಿರುವರು.

ಎಲ್ಲರಿಗೂ ಇದು ಕೈಗೂಡಿತೆಂದಲ್ಲ. ಜಪಾನ್ ದೇಶದವರು ತಮ್ಮ ಹಳೆಯ ೧೦೬೭ರ ಹಳಿಯಿಂದ ಹೊಸ ಅತಿವೇಗದ ೧೪೩೫ರ ಹಳಿಗೆ ದಾಟುವ ಬಂಡಿಯನ್ನು ಹಲವು ವರ್ಷ ಪರೀಕ್ಷಿಸಿದರು. ೨೦೧೪ರಲ್ಲಿ ದೀರ್ಘ ಓಟದ ಪರೀಕ್ಷೆಯಲ್ಲಿ ಅಚ್ಚಿನ ಭಾಗಗಳು ಸವೆದುದು ಕಂಡುಬಂದು ಪರೀಕ್ಷೆಯು ನಿಂತಿತು. ೨೦೧೭ರಲ್ಲಿ ಕ್ಯೂಷೂ ರೈಲ್ವೆಯವರು ಈ ಬಂಡಿಯನ್ನು ತಾವು ಒಲ್ಲೆವೆಂದರು. ನಾಗಸಾಕಿಯ ಹೊಸ ಮಾರ್ಗವು ೨೦೨೨ರಲ್ಲಿ ತೆರೆದಾಗ ಪ್ರಯಾಣಿಕರು ಟಕೆಯೊ-ಒನ್ಸೆನ್ ಎಂಬ ಸ್ಟೇಷನ್ನಿನಲ್ಲಿ ಒಂದು ಬಂಡಿಯಿಂದ ಇಳಿದು, ಎದುರಿನ ಬಂಡಿಯನ್ನು ಹತ್ತುವ ಏರ್ಪಾಟಾಯಿತು. ಅಷ್ಟು ಮುಂದುವರಿದ ದೇಶದಲ್ಲಿಯೂ ಕೊನೆಗೆ ಬಗ್ಗಿದವನು ಮನುಷ್ಯನೇ.

ಈಗ ನಮ್ಮ ಪ್ರಶ್ನೆಗೆ ಬರೋಣ. ಹೋಟಗಿಯಲ್ಲಿ ಇಂತಹ ಗಾಲಿಯನ್ನು ತರಬಹುದಿತ್ತೆ? ಸ್ಪೇನಿನಲ್ಲಿ ಗಾಲಿಯು ಸರಿಯಬೇಕಾದುದು ೨೩೩ ಮಿಲಿಮೀಟರ್, ಜಪಾನಿನಲ್ಲಿ ೩೬೮, ಸ್ವಿಟ್ಜರ್ಲೆಂಡಿನಲ್ಲಿ ೪೩೫; ನಮ್ಮಲ್ಲಿ ೬೭೬ ಆಗುತ್ತಿತ್ತು. ಇದು ಒಂದು ತೊಡಕು. ಇದಕ್ಕಿಂತ ದೊಡ್ಡದು ಎಣಿಕೆಯ ತೊಡಕು. ಸರಿಯುವ ಗಾಲಿಯು ಭಾರ, ದುಬಾರಿ, ಮೇಲ್ವಿಚಾರಣೆ ಬೇಡುವಂತಹದು; ಅಂತಹದನ್ನು ಪ್ರತಿಯೊಂದು ಡಬ್ಬಿಗೂ ಹಾಕಬೇಕು. ಗಡಿಯನ್ನು ದಾಟುವ ಬಂಡಿಗಳು ನಾಲ್ಕಾರಿದ್ದು, ಎರಡೂ ಕಡೆಯ ಹಳಿಗಳು ಸಾವಿರಾರು ಕಿಲೋಮೀಟರ್ ಇದ್ದಲ್ಲಿ ಗಾಲಿಯನ್ನು ಬದಲಿಸುವುದೇ ಲಾಭ. ನಮ್ಮಲ್ಲಿಯಾದರೋ ಹತ್ತಿ, ಕಾಳು, ಸಿಮೆಂಟು, ಕಲ್ಲಿದ್ದಲುಗಳನ್ನು ಹೊತ್ತು ಎಲ್ಲಿಂದೆಲ್ಲಿಗೋ ಹೋಗುವ ಗೂಡ್ಸ್ ಡಬ್ಬಿಗಳು ಲಕ್ಷಗಟ್ಟಲೆ. ಅವುಗಳಲ್ಲಿ ಯಾವುದು ನಾಳೆ ಬಾಗಲಕೋಟೆಗೆ ಬರುವುದೆಂದು ಹೇಳಬಲ್ಲವರಾರು? ಎಲ್ಲವಕ್ಕೂ ಹೊಸ ಗಾಲಿಯನ್ನು ತೊಡಿಸುವುದಕ್ಕಿಂತ ೨೮೦ ಕಿಲೋಮೀಟರ್ ಹಳಿಯನ್ನು ಒಮ್ಮೆ ಅಗಲಮಾಡುವುದೇ ವಿವೇಕ. ನಮ್ಮವರು ಅದನ್ನೇ ಮಾಡಿದರು. ಶೋಚನೀಯವಾದುದು ಮಾಡಿದ ಕೆಲಸವಲ್ಲ, ಮಾಡಲು ತೆಗೆದುಕೊಂಡ ಕಾಲ. ಒಂದು ಶತಮಾನಕ್ಕೂ ಮಿಕ್ಕಿ ಈ ಸೀಮೆಯ ರೈತನು ತೆತ್ತ ಹಮಾಲಿಯ ದುಡ್ಡನ್ನು ಯಾರು ಲೆಕ್ಕವಿಟ್ಟಿರುವರು?

ಇಂತಹ ಯೋಚನೆಯಲ್ಲಿಯೇ ಇಳಕಲ್ಲನ್ನು ತಲುಪಿದೆವು. ಕೆಂಪು ಕಲ್ಲಿಗೂ ಸೀರೆಗೂ ಹೆಸರಾದ ಊರಿದು. ಕುಣಿಮಗ್ಗದ ಮುಂದೆ ಕುಳಿತ ನೇಕಾರರ ಮನೆಯೊಂದರಲ್ಲಿ ನಾವು ಕಂಡುದನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆವು. ಇಳಕಲ್ಲ ಸೀರೆಯ ಒಡಲಿನ ಹಾಸು ಹತ್ತಿಯದಾದರೆ, ಸೆರಗಿನ ಹಾಸು ರೇಷ್ಮೆಯದು. ಎರಡು ಬೇರೆ ಜಾತಿಯ ನೂಲು, ಎರಡು ಬೇರೆ ಗುಣ. ಇವುಗಳನ್ನು ಗಂಟು ಹಾಕಿ ಕೂಡಿಸುವುದಿಲ್ಲ. ಒಡಲಿನ ಎಳೆಯನ್ನೂ ಸೆರಗಿನ ಎಳೆಯನ್ನೂ ಒಂದರೊಳಗೊಂದು ಕುಣಿಕೆಯಾಗಿ ತೊಡರಿಸುವರು. ಇದಕ್ಕೆ ಕೊಂಡಿಯೆಂದು ಹೆಸರು. ಸೀರೆಯ ಅಗಲದುದ್ದಕ್ಕೂ ಎಳೆಗೊಂದರಂತೆ ಕೊಂಡಿಗಳು. ಆ ಮನೆಯ ಗೃಹಿಣಿಯನ್ನು, “ಯವ್ವಾ, ಇದು ಬಿಚ್ಚುವುದಿಲ್ಲವೇ?” ಎಂದು ನಾವು ಕೇಳಿದೆವು. “ಬಿಗಿ ಹೆಚ್ಚಾದ್ರ ಹರಿತದ್ರಿ ಅಜ್ಜಾರ, ಸಡಿಲ ಆದ್ರ ಜಾರತದ್ರಿ. ನಮ್ಮ ಕೈಗೆ ಗೊತ್ತದ. ಒಂದು ಎಳಿ ತಪ್ಪಿದ್ರ ಇಡೀ ಸೀರಿ ಹೆಸರು ಹೋತು,” ಎಂದಳು ಆಕೆ. ಹುಡುಗನು ನಮ್ಮ ಮುಖವನ್ನು ನೋಡಿದನು. ಬಾದಾಮಿಯಲ್ಲಿ ಅವನು ಪರದೆಯ ಮೇಲೆ ತೋರಿಸಿದ ಅರ್ಧ ಮಿಲಿಮೀಟರಿನ ಮಾತನ್ನೇ ಈಕೆಯು ಬೆರಳಿನ ಅಳತೆಯಲ್ಲಿ ಹೇಳಿದ್ದಳು.

ಈ ಊರಿಗೆ ಇನ್ನೂ ರೈಲು ಬಂದಿಲ್ಲ. ನೂಲೂ ರೇಷ್ಮೆಯೂ ರಸ್ತೆಯಿಂದಲೇ ಬರುವುವು. ಸೀರೆಗಳು ರಸ್ತೆಯಿಂದಲೇ ಹೋಗುವುವು. ಗದಗಿನ ಕಡೆಯಿಂದ ವಾಡಿಗೆ ಹೋಗುವ ಹೊಸ ಮಾರ್ಗವು ನೆರೆಯ ಕುಷ್ಟಗಿಯ ಮೇಲೆ ಸಾಗುವಂತಹದು. ಬಾಗಲಕೋಟೆಯಿಂದ ಕುಡಚಿಯ ಕಡೆಗೂ ಇನ್ನೊಂದು ಹೊರಟಿದೆ. ಇವೆರಡೂ ಬ್ರಾಡ್ ಗೇಜಿನವು. ಇಳಕಲ್ಲಿಗೆ ಎಂದಾದರೂ ಹಳಿ ಬಂದರೆ ಅದೂ ಅದೇ ಅಳತೆಯದಾಗಿರುವುದು. ಇಲ್ಲಿಯ ಮಕ್ಕಳಿಗೆ ಚೀಲವನ್ನು ಎರಡು ಸಲ ಹೊರುವ ಮಾತು ಕಥೆಯಾಗಿಯೇ ಉಳಿಯುವುದು.

ಆದರೆ ಅಳತೆಯು ಒಂದಾದ ಮಾತ್ರಕ್ಕೆ ಕಾವಲು ಮುಗಿಯಲಿಲ್ಲ. ಬಿಸಿಲಿಗೆ ಹಳಿಯು ಹಿಗ್ಗುವುದು, ಗಾಲಿಯ ಮೈ ಸವೆಯುವುದು, ಹೊಳೆಯುವ ಪಟ್ಟಿಯು ದಿನದಿನಕ್ಕೂ ಒಂದು ಕೂದಲಿನಷ್ಟು ಆಚೀಚೆ ಸರಿಯುವುದು. ಮರಳಿ ಬರುವಾಗ ಬಾದಾಮಿಯ ಆಚೆ ಬಂಡಿಯು ನಿಧಾನವಾದಾಗ, ಕಿಟಕಿಯಿಂದ ಗ್ಯಾಂಗ್‌ಮನ್ನರಿಬ್ಬರನ್ನು ಕಂಡೆವು. ಸುತ್ತಿಗೆಯನ್ನು ಹೆಗಲಿಗಿಟ್ಟು, ಹಳಿಯ ಪಕ್ಕದಲ್ಲಿ ತಲೆಬಾಗಿಸಿ, ಆ ಪಟ್ಟಿಯನ್ನೇ ನೋಡುತ್ತ ಅವರು ನಡೆದಿದ್ದರು. ನಮ್ಮ ಬಂಡಿಯು ಹಾದುಹೋಗುವವರೆಗೆ ಬದಿಗೆ ನಿಂತು, ಹೋದೊಡನೆ ಮತ್ತೆ ಹಳಿಯ ಕಡೆಗೆ ಬಾಗಿದರು.